ರೊಕ್ಕ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು: ನಮ್ಮೂರ ಆಟದ ಲೆಕ್ಕ

(ಬಳ್ಳಾರಿಯಲ್ಲಿ ದೈಹಿಕ ಶಿಕ್ಷಕರು, ಟೂರ್ನಿ ಸಂಘಟಕರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆಟದಿಂದ ಊರಿಗೆ ಒಳ್ಳೆಯದಾಗುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಎಷ್ಟು ಒಳ್ಳೆಯದು, ಯಾರಿಗೆ, ಯಾರ ಖರ್ಚಿನಲ್ಲಿ ಎಂದು ಕೇಳುವವರು ಕಡಿಮೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಕ್ರೀಡೆಯ ಹೆಸರಿನಲ್ಲಿ ಓಡಾಡುವ ರೊಕ್ಕವನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಟ್ಟಡ ಕಟ್ಟಲು ದುಡ್ಡು ಸಿಗುತ್ತದೆ. ಬಹುಮಾನಕ್ಕೆ ದುಡ್ಡು ಕೊಡುವವರೂ ಸಿಗುತ್ತಾರೆ. ಮೈದಾನವನ್ನು ವರ್ಷಪೂರ್ತಿ ನಡೆಸಲು ಮಾತ್ರ ಯಾರ ಹತ್ತಿರವೂ ದುಡ್ಡಿರುವುದಿಲ್ಲ. ಆದರೆ ಊರಿನ ಮನೆಗಳಿಗೆ ನಿಜವಾಗಿ ಲಾಭ ತರುವುದು ಈ ನಡೆಸುವ ದುಡ್ಡೇ. ಇವತ್ತು ಇದನ್ನು ಲೆಕ್ಕ ಸಮೇತ ತೋರಿಸುತ್ತೇವೆ. ಹೇಳುವ ಅಂಕಿಗಳಲ್ಲಿ ಕೆಲವು ಕಾನೂನಿನವು, ನಿಯಮ ಪುಸ್ತಕದವು. ಉಳಿದವು ಮಾದರಿ ಲೆಕ್ಕ. ಅಲ್ಲಿ ನಿಮ್ಮ ಊರಿನ ದರ ಹಾಕಿಕೊಂಡು ನೋಡಿ.

ಮೊದಲು ಟೂರ್ನಿ. ಸುಗ್ಗಿ ಮುಗಿದು ಭತ್ತದ ದುಡ್ಡು ಕೈಗೆ ಬಂದ ಮೇಲೆ, ಜಾತ್ರೆಯ ಹಿಂದೆ ಮುಂದೆ, ಸಿರುಗುಪ್ಪ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೊನಲು ಬೆಳಕಿನ ಕಬಡ್ಡಿ ಶುರುವಾಗುತ್ತದೆ. 32 ತಂಡ, ಎರಡು ರಾತ್ರಿ ಎಂದಿಟ್ಟುಕೊಳ್ಳೋಣ. ಮೊದಲ ಬಹುಮಾನ 50,000, ಎರಡನೆಯದು 25,000, ಸೆಮಿಫೈನಲ್‌ನಲ್ಲಿ ಸೋತ ಎರಡು ತಂಡಕ್ಕೆ ತಲಾ 10,000. ಅಲ್ಲಿಗೇ 95,000. ಪೆಂಡಾಲ್, ಲೈಟು, ಮೈಕು 60,000. ತಂಡಕ್ಕೆ 12 ಆಟಗಾರರಂತೆ ಎರಡು ಊಟ, ಊಟಕ್ಕೆ 60 ರೂಪಾಯಿ ಹಿಡಿದರೆ 46,000. ಆರು ಜನ ಅಂಪೈರ್‌ಗಳಿಗೆ ದಿನಕ್ಕೆ 1,500ರಂತೆ ಎರಡು ದಿನಕ್ಕೆ 18,000. ಮ್ಯಾಟ್ ಬಾಡಿಗೆ ಮತ್ತು ಸಾಗಣೆ 15,000, ಟ್ರೋಫಿ 20,000, ಆಂಬುಲೆನ್ಸ್ ಮತ್ತು ಔಷಧಿ 10,000, ಫ್ಲೆಕ್ಸ್, ಪರವಾನಗಿ, ಓಡಾಟ 15,000. ಒಟ್ಟು 2,79,000. ತಂಡಕ್ಕೆ ಸಾವಿರದಂತೆ ಪ್ರವೇಶ ಶುಲ್ಕದಿಂದ 32,000 ಬರುತ್ತದೆ. ಉಳಿದದ್ದು ಪಟ್ಟಿ ಎತ್ತಿದ್ದು, ಮುಖಂಡರು ಕೊಟ್ಟದ್ದು.

ಈಗ ಊರಿನ ಗಡಿಯಲ್ಲಿ ನಿಂತು ನೋಡಿ. 32ರಲ್ಲಿ 20 ತಂಡ ಹೊರ ತಾಲ್ಲೂಕಿನವು ಎನ್ನಿ. ಚಾಲಕ, ಕೋಚ್ ಸೇರಿ ತಂಡಕ್ಕೆ 15 ಜನ, ಒಟ್ಟು 300 ಜನ. ಒಬ್ಬರು ನೂರು ರೂಪಾಯಿ ಖರ್ಚು ಮಾಡಿದರೆ 30,000. ಅವರ ಪ್ರವೇಶ ಶುಲ್ಕ 20,000. ಅಂದರೆ ಹೊರಗಿನಿಂದ ಒಳಗೆ ಬಂದದ್ದು 50,000. ಹೋದದ್ದು? ದೊಡ್ಡ ಬಹುಮಾನ ಇಟ್ಟ ಟೂರ್ನಿಗೆ ಪಳಗಿದ ತಂಡಗಳು ಹುಡುಕಿಕೊಂಡು ಬರುತ್ತವೆ. ಮೊದಲ ಮೂರು ಬಹುಮಾನ ಹೊರಗೆ ಹೋದರೆ 85,000. ಅಂಪೈರ್‌ಗಳ ಭತ್ಯೆ, ಟ್ರೋಫಿ, ಮ್ಯಾಟ್ ಬಾಡಿಗೆ, ಜಿಲ್ಲಾ ಕೇಂದ್ರದಿಂದ ಬಂದ ಲೈಟಿನವನ ಬಿಲ್ಲು ಸೇರಿಸಿದರೆ ಎರಡು ಲಕ್ಷದ ಹತ್ತಿರ ಊರು ಬಿಟ್ಟು ಹೋಯಿತು. ಐವತ್ತು ಸಾವಿರ ಬಂದು ಎರಡು ಲಕ್ಷ ಹೋದ ಊರಿಗೆ ಟೂರ್ನಿಯಿಂದ ವ್ಯಾಪಾರ ಬೆಳೆಯಿತು ಎಂದು ಹೇಳಲಾಗದು.

ವಗ್ಗರಣೆ-ಮಿರ್ಚಿ ಅಂಗಡಿಗೆ ಭರ್ಜರಿ ವ್ಯಾಪಾರ ಆಯಿತಲ್ಲ ಎನ್ನುತ್ತೀರಿ. ಆಯಿತು. ಎರಡು ಸಾವಿರ ಜನ ಎರಡು ರಾತ್ರಿ ನಲವತ್ತು ರೂಪಾಯಿಯಂತೆ ತಿಂದರೆ 1,60,000 ಆಗುತ್ತದೆ. ಆದರೆ ಅವರಲ್ಲಿ ಬಹುಪಾಲು ಅದೇ ಊರಿನವರು, ಅಕ್ಕಪಕ್ಕದ ಹಳ್ಳಿಯವರು. ಆ ನಲವತ್ತು ರೂಪಾಯಿ ಟೂರ್ನಿ ಇಲ್ಲದಿದ್ದರೆ ಸಂತೆಯಲ್ಲೋ ಖಾನಾವಳಿಯಲ್ಲೋ ಖರ್ಚಾಗುತ್ತಿತ್ತು. ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಸರಿದ ದುಡ್ಡು ಇದು. ಅರ್ಥಶಾಸ್ತ್ರದವರು ಇದಕ್ಕೆ ಬದಲಿ ಪರಿಣಾಮ ಎನ್ನುತ್ತಾರೆ. ಅಮೆರಿಕದಲ್ಲಿ ನಗರಗಳು ಸಾರ್ವಜನಿಕ ಹಣದಲ್ಲಿ ಕ್ರೀಡಾಂಗಣ ಕಟ್ಟಿಕೊಟ್ಟ ಪ್ರಕರಣಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಬಂದು ನಿಂತದ್ದೂ ಇಲ್ಲಿಗೇ: ಹಾಕಿದ ಹಣ ಸ್ಥಳೀಯ ಆದಾಯದ ರೂಪದಲ್ಲಿ ವಾಪಸು ಬರಲಿಲ್ಲ.

ಹಾಗಂತ ಟೂರ್ನಿ ಬೇಡ ಎಂದು ನಾವು ಹೇಳುತ್ತಿಲ್ಲ. ರಾತ್ರಿಯಿಡೀ ಊರು ಒಟ್ಟಿಗೆ ಕೂತು ಆಟ ನೋಡುವುದಕ್ಕೆ ಅದರದೇ ಬೆಲೆ ಇದೆ. ಹಬ್ಬಕ್ಕೆ ಖರ್ಚು ಮಾಡಿದಂತೆ ಖರ್ಚು ಮಾಡಿ. ಪಂಚಾಯಿತಿ ಮುಂದೆ ಅರ್ಜಿ ಹಿಡಿದು ನಿಂತಾಗ ಮಾತ್ರ ಅದನ್ನು ಅಭಿವೃದ್ಧಿ ಎಂದು ಬರೆಯಬೇಡಿ.

ರಾಯಚೂರಿನ ಕಾರಹುಣ್ಣಿಮೆಯನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿನ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆಗೆ ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರುತ್ತವೆ. ಜೋಡಿ ಎತ್ತಿನ ಜೊತೆ ಲಾರಿ, ಆಳುಗಳು, ಮೇವು ಎಲ್ಲವೂ ಬರಬೇಕು. ಸ್ಪರ್ಧೆ ಒಂದು ದಿನದಲ್ಲಿ ಮುಗಿಯುವುದಿಲ್ಲ, ಹಾಗಾಗಿ ಬಂದವರು ಉಳಿಯುತ್ತಾರೆ, ಉಂಡು ಉಟ್ಟು ಖರ್ಚು ಮಾಡುತ್ತಾರೆ. ಹೊರಗಿನವರು ಉಳಿದ ರಾತ್ರಿಗಳ ಸಂಖ್ಯೆ ಎಷ್ಟೋ ಅಷ್ಟು ಹೊಸ ದುಡ್ಡು. ನಿಮ್ಮ ಟೂರ್ನಿಯ ಲೆಕ್ಕ ಬರೆಯುವಾಗ ಪ್ರೇಕ್ಷಕರನ್ನು ಎಣಿಸುವುದಕ್ಕಿಂತ ಹೊರಗಿನಿಂದ ಬಂದು ಉಳಿದವರನ್ನು ಎಣಿಸಿ.

ಟೂರ್ನಿ ಕೈಕೊಡುವುದು ಎಲ್ಲಿ? ಮೊದಲನೆಯದು ಸಮಯದಲ್ಲಿ. ನಾಕೌಟ್ ಮಾದರಿಯಲ್ಲಿ 32 ತಂಡಕ್ಕೆ 31 ಪಂದ್ಯ. ಪುರುಷರ ಪೂರ್ಣ ಪಂದ್ಯಕ್ಕೆ 20-20 ನಿಮಿಷ, ನಡುವೆ 5 ನಿಮಿಷ ವಿರಾಮ, ತಂಡ ಇಳಿದು ಹತ್ತಲು 10 ನಿಮಿಷ. ಒಟ್ಟು 55 ನಿಮಿಷ. 31 ಪಂದ್ಯಕ್ಕೆ 28 ತಾಸು ಮೀರುತ್ತದೆ. ಎರಡು ಅಂಕಣ ಇದ್ದರೆ ದಿನಕ್ಕೆ ಏಳು ತಾಸಿನಂತೆ ಎರಡು ರಾತ್ರಿಗೆ ಹಿಡಿಸುತ್ತದೆ. ಒಂದೇ ಅಂಕಣ ಇಟ್ಟು, ಬಂದವರನ್ನು ಬೇಡವೆನ್ನಲಾರದೆ 48 ತಂಡ ಸೇರಿಸಿಕೊಂಡರೆ 47 ಪಂದ್ಯ, 43 ತಾಸು. ಆಮೇಲೆ ಆಟವನ್ನು ಹತ್ತು ಹತ್ತು ನಿಮಿಷಕ್ಕೆ ಇಳಿಸುತ್ತಾರೆ, ಜಗಳವಾಗುತ್ತದೆ, ಫೈನಲ್ ನಡೆಯುವಾಗ ಸೂರ್ಯ ಹುಟ್ಟಿರುತ್ತಾನೆ. ನೋಡಲು ಜನರೂ ಇಲ್ಲ, ಅಂಗಡಿಗಳೂ ಇಲ್ಲ.

ಎರಡನೆಯದು ಕರೆಂಟು. ವಿದ್ಯುತ್ ಕಂಪನಿ ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯುವ ಬದಲು ತಂತಿಗೆ ಕೊಕ್ಕೆ ಹಾಕುವುದು ಇನ್ನೂ ನಿಂತಿಲ್ಲ. 400 ವ್ಯಾಟಿನ 16 ಎಲ್‌ಇಡಿ ದೀಪ ಎಂದರೆ 6.4 ಕಿಲೋವ್ಯಾಟ್, ಎಂಟು ತಾಸಿಗೆ 51 ಯೂನಿಟ್ ಚಿಲ್ಲರೆ. ಇಷ್ಟು ಉಳಿಸಲು ಕಬ್ಬಿಣದ ಕಂಬದ ಪಕ್ಕ ಮಕ್ಕಳನ್ನು ಕೂರಿಸುವುದು ಅಪರಾಧ. ಸಂಪರ್ಕ ಪಡೆದ ಮೇಲೂ ಕಂಬಗಳಿಗೆ ಅರ್ಥಿಂಗ್ ಮಾಡಿಸಿ, ಮುಖ್ಯ ಬೋರ್ಡಿಗೆ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಹಾಕಿಸಿ.

ಮೂರನೆಯದು ಮೊಣಕಾಲು. ರೈಡರ್ ದಿಕ್ಕು ಬದಲಿಸುವಾಗ, ಪಾದ ನೆಲಕ್ಕೆ ಕಚ್ಚಿಕೊಂಡು ಮೇಲಿನ ದೇಹ ತಿರುಗಿದಾಗ ಮೊಣಕಾಲೊಳಗಿನ ಎಸಿಎಲ್ ಅಸ್ಥಿರಜ್ಜು ಹರಿಯುತ್ತದೆ. ಶಸ್ತ್ರಚಿಕಿತ್ಸೆ ಆದರೂ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳು ಬೇಕು. ಗಾಯಗೊಂಡ ಹುಡುಗ ಹಮಾಲಿ ಕೆಲಸದವನೋ ಗಾರೆ ಕೆಲಸದವನೋ ಆಗಿದ್ದರೆ, ದಿನಕ್ಕೆ 500ರಂತೆ ತಿಂಗಳಿಗೆ 25 ದಿನ ಹಿಡಿದರೂ 1,12,500 ಕೂಲಿ ಹೋಯಿತು. ಆಸ್ಪತ್ರೆ ಖರ್ಚು ಬೇರೆ. ಐವತ್ತು ಸಾವಿರದ ಬಹುಮಾನವನ್ನು ಹನ್ನೆರಡು ಜನ ಹಂಚಿಕೊಂಡರೆ ಒಬ್ಬನಿಗೆ ನಾಲ್ಕು ಸಾವಿರ ಚಿಲ್ಲರೆ. ಈ ಎರಡು ಅಂಕಿ ಎದುರು ಬದುರು ಇಟ್ಟು ನೋಡಿದರೆ ಟೂರ್ನಿಯ ಅಪಾಯವನ್ನು ಯಾರು ಹೊರುತ್ತಿದ್ದಾರೆ ಎಂದು ತಿಳಿಯುತ್ತದೆ. ಎಲ್ಲ ಆಟಗಾರರಿಗೂ ಗುಂಪು ಅಪಘಾತ ವಿಮೆ ಮಾಡಿಸುವುದು ಕಮಿಟಿಯ ಮೊದಲ ಖರ್ಚಾಗಬೇಕು. ಪಾಲಿಸಿಯಲ್ಲಿ ಆಸ್ಪತ್ರೆ ಖರ್ಚು ಸೇರಿದೆಯೇ, ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರವೇ ಎಂಬುದನ್ನು ಓದಿ ಸಹಿ ಮಾಡಿ. ಅಗ್ಗದ ಪಾಲಿಸಿಗಳು ಅನೇಕ ಬಾರಿ ಎರಡನೆಯ ಬಗೆಯವು, ಮೊಣಕಾಲಿಗೆ ಅವುಗಳಿಂದ ಪೈಸೆ ಬರುವುದಿಲ್ಲ.

ನಮ್ಮ ಸಲಹೆ ಇಷ್ಟು: ಬಹುಮಾನದ ಮೊತ್ತ ಒಟ್ಟು ಬಜೆಟ್ಟಿನ ಐದನೇ ಒಂದು ಭಾಗ ಮೀರದಿರಲಿ. ನಮ್ಮ ಮಾದರಿ ಲೆಕ್ಕದಲ್ಲಿ ಅದು 55,000 ಆಗುತ್ತದೆ, 40,000 ಉಳಿಯುತ್ತದೆ. ಆ ನಲವತ್ತು ಸಾವಿರ ಏನು ಮಾಡಬಲ್ಲದು ಎಂದು ನೋಡಲು ಮೈದಾನಕ್ಕೆ ಹೋಗೋಣ.

ಬೆಳಗಿನ ಐದೂವರೆಗೆ ಮಾನ್ವಿ, ಕುಷ್ಟಗಿ, ಸಂಡೂರು, ಯಾವ ತಾಲ್ಲೂಕಿನ ಮೈದಾನಕ್ಕೇ ಹೋಗಿ, ಓಡುತ್ತಿರುವವರಲ್ಲಿ ಹೆಚ್ಚಿನವರು ಪದಕಕ್ಕೆ ಓಡುತ್ತಿಲ್ಲ. ಪೊಲೀಸ್, ಸೇನೆ, ಅರಣ್ಯ ಇಲಾಖೆಯ ದೈಹಿಕ ಪರೀಕ್ಷೆಗೆ ಓಡುತ್ತಿದ್ದಾರೆ. ನಾಗರಿಕ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ. ಜೊತೆಗೆ ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಗುಂಡು ಎಸೆತ. ನಮ್ಮ ಭಾಗದ ಬಡ ಮನೆಗಳಿಗೆ ಕ್ರೀಡೆ ಕೊಡುವ ಅತಿ ದೊಡ್ಡ ಆರ್ಥಿಕ ಲಾಭ ಇದೇ ಎಂದು ನಾವು ಖಚಿತವಾಗಿ ಹೇಳುತ್ತೇವೆ. ಒಬ್ಬ ಕಾನ್‌ಸ್ಟೆಬಲ್‌ನ ಸಂಬಳ ನಿವೃತ್ತಿವರೆಗೂ ಮನೆಗೆ ಬರುತ್ತದೆ. ಪಂದ್ಯ ಪುರುಷೋತ್ತಮನ ಸೈಕಲ್ಲು ಒಂದು ಸಲ ಬರುತ್ತದೆ.

ಈ ಹುಡುಗರು ಊರಲ್ಲಿ ಅಳತೆಯ ಮೈದಾನ ಇಲ್ಲದೆ ಧಾರವಾಡಕ್ಕೆ ಹೋಗಿ ರೂಮು ಮಾಡುತ್ತಾರೆ. ರೂಮು, ಮೆಸ್ಸು, ತರಬೇತಿ ಶುಲ್ಕ ಸೇರಿ ತಿಂಗಳಿಗೆ ಎಂಟು ಸಾವಿರ ಹಿಡಿದರೆ ಆರು ತಿಂಗಳಿಗೆ 48,000. ಹತ್ತು ಹುಡುಗರು ಹೋದರೆ ಒಂದು ಹಳ್ಳಿಯಿಂದ ವರ್ಷಕ್ಕೆ ನಾಲ್ಕು ಲಕ್ಷ 80 ಸಾವಿರ ಹೊರಗೆ. ಲಿಖಿತ ಪರೀಕ್ಷೆಗೆ ಹೋಗುವುದು ಬೇರೆ ಮಾತು. ಓಡಲು ಧಾರವಾಡಕ್ಕೆ ಹೋಗಬೇಕಾಗಿಲ್ಲ.

ಬೇಕಾದ ಟ್ರ್ಯಾಕ್ ಸಿಂಥೆಟಿಕ್ ಅಲ್ಲ. ಅಳತೆ ಸರಿ ಇರುವ 200 ಮೀಟರ್ ಮಣ್ಣಿನ ಟ್ರ್ಯಾಕ್ ಸಾಕು. ತಿರುವಿನ ತ್ರಿಜ್ಯ 18 ಮೀಟರ್, ನೇರ ಭಾಗ ಎರಡೂ ಕಡೆ 42.82 ಮೀಟರ್ ಇಟ್ಟರೆ, ಒಳಗಿನ ಸುಣ್ಣದ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆದಾಗ ಸರಿಯಾಗಿ 200 ಮೀಟರ್ ಆಗುತ್ತದೆ. ಈ 20 ಸೆಂಟಿಮೀಟರ್ ಮರೆತು ಗೆರೆಯ ಮೇಲೇ ಅಳೆದು 200 ಮಾಡಿದರೆ ಸುತ್ತಿಗೆ ಒಂದೂಕಾಲು ಮೀಟರ್ ಹೆಚ್ಚು ಓಡಿಸಿದಂತೆ. 1.22 ಮೀಟರ್ ಅಗಲದ ನಾಲ್ಕು ಲೇನ್ ಹಾಕಿದರೆ 89 ಮೀಟರ್ ಉದ್ದ, 46 ಮೀಟರ್ ಅಗಲದ ಜಾಗ ಬೇಕು, ಎಕರೆಗೆ ತುಸು ಹೆಚ್ಚು. ಎಂಟು ಸುತ್ತು ಓಡಿದರೆ 1,600 ಮೀಟರ್. ಪ್ರತಿ ಸುತ್ತಿಗೆ 48 ಸೆಕೆಂಡು ಹಿಡಿದು ಓಡುವುದನ್ನು ಹುಡುಗರು ಕಲಿತರೆ ಪಾಸು. ಮೊದಲ ಎರಡು ಸುತ್ತನ್ನು 40 ಸೆಕೆಂಡಿಗೆ ಓಡಿ ಆರನೆಯದರಲ್ಲಿ ಕೂತುಬಿಡುವುದೇ ಫೇಲಾಗುವ ದಾರಿ. ಅಳತೆಯ ಸುತ್ತು ಇಲ್ಲದ ಕಡೆ ಈ ವೇಗದ ಅಂದಾಜು ಕಲಿಸುವುದು ಆಗದ ಮಾತು.

ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿಯಲ್ಲಿ ಎಚ್ಚರ ಬೇಕು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೂ, ಡಾಂಬರು ಹಾಸಿ ಸಿಂಥೆಟಿಕ್ ಅಂಟಿಸಿದರೂ ಮೇಲಿನ ಪದರ ಕೆಲವೇ ವರ್ಷದಲ್ಲಿ ಸೀಳುತ್ತದೆ. ಇಡೀ ಮೈದಾನಕ್ಕೆ ಗರಸು (ಕಲ್ಲುಹರಳು ಬೆರೆತ ಗಟ್ಟಿ ಮಣ್ಣು) ತುಂಬಲು ಹೋದರೆ ದುಡ್ಡು ಸಾಲದು. ಲೇನುಗಳಷ್ಟೇ ಜಾಗ ಸುಮಾರು 1,044 ಚದರ ಮೀಟರ್. ಅಲ್ಲಿ 30 ಸೆಂಟಿಮೀಟರ್ ಎರೆ ತೆಗೆದು ಗರಸು ತುಂಬಿ. ಒಮ್ಮೆಗೆ 15 ಸೆಂಟಿಮೀಟರ್ ಪದರ, ನೀರು ಹೊಡೆದು ರೋಲರ್, ಆಮೇಲೆ ಎರಡನೇ ಪದರ. ಒತ್ತಿದ ಮೇಲೆ 313 ಘನ ಮೀಟರ್ ಆಗಬೇಕೆಂದರೆ ಸಡಿಲ ಗರಸು ಕಾಲು ಭಾಗ ಹೆಚ್ಚು ಬೇಕು, ಮೂರು ಬ್ರಾಸಿನ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಟಿಪ್ಪರಿನಲ್ಲಿ 46 ಲೋಡು. ಎರಡು ಪದರವನ್ನು ಒಂದೇ ಸಲ ಸುರಿದು ಮೇಲೆ ರೋಲರ್ ಓಡಿಸುವುದು ಗುತ್ತಿಗೆಯವರು ಮಾಡುವ ಸಾಮಾನ್ಯ ಉಪಾಯ. ಮೇಲೆ ಗಟ್ಟಿ ಕಾಣುತ್ತದೆ, ಮೊದಲ ಮಳೆಗೆ ಕುಸಿಯುತ್ತದೆ. ಅಡ್ಡಕ್ಕೆ ನೂರಕ್ಕೆ ಒಂದರಷ್ಟು ಇಳಿಜಾರು ಒಳಗಡೆಗೆ ಕೊಡಿ, ಒಳಗಿನ ನೀರು ಹೊರಗೆ ಹೋಗಲು ಒಂದು ಪೈಪು ಹಾಕಿ. ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿಯಾದರೆ ಈ ಖರ್ಚಿನಲ್ಲಿ ಬಹುಪಾಲು ಉಳಿಯುತ್ತದೆ. ಜಾಗ ಗುರುತಿಸುವಾಗಲೇ ಇದನ್ನು ನೋಡಬೇಕು. ಆದರೆ ಮೈದಾನಕ್ಕೆ ಸಿಗುವುದು ಬೇರೆ ಯಾವುದಕ್ಕೂ ಬೇಡವಾದ ಜಾಗ, ಹಳ್ಳದ ಪಕ್ಕದ್ದು, ನೀರು ನಿಲ್ಲುವಂಥದ್ದು.

ಜಿಗಿತದ ಗುಂಡಿ 3 ಮೀಟರ್ ಅಗಲ, 8 ಮೀಟರ್ ಉದ್ದ, 40 ಸೆಂಟಿಮೀಟರ್ ಆಳ ಇರಲಿ. ತೊಳೆದ ಮರಳು 9.6 ಘನ ಮೀಟರ್ ಹಿಡಿಯುತ್ತದೆ. ಅಂಚಿಗೆ ಇಟ್ಟಿಗೆ ಕಟ್ಟುತ್ತಾರೆ. ಅದು ಮರಳಿನ ಮಟ್ಟಕ್ಕಿಂತ ಮೇಲೆದ್ದರೆ ಹಿಮ್ಮಡಿ ಮುರಿಯುತ್ತದೆ. ಮಳೆ ಬಿದ್ದ ಮೇಲೆ ಮರಳು ಗಟ್ಟಿಯಾಗುತ್ತದೆ, ದಿನಾ ಬೆಳಗ್ಗೆ ಸಲಿಕೆಯಿಂದ ತಿರುವಬೇಕು. ಗೆರೆ ಹಾಕಲು ಸುಟ್ಟ ಸುಣ್ಣ, ಅರಳಿದ ಸುಣ್ಣ ಎರಡೂ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಸೀಮೆಸುಣ್ಣದ ಪುಡಿ ತರಿಸಿ.

ಮೈದಾನ ಕೆಡಿಸುವ ಇನ್ನೊಂದು ಸಂಗತಿ ಪೆಂಡಾಲಿನ ಗುಂಡಿ. ಸಮಾವೇಶ, ಮದುವೆ, ಪ್ರವಚನ, ಎಲ್ಲಕ್ಕೂ ಶಾಲಾ ಮೈದಾನವೇ ಬೇಕು. ಒಂದೂವರೆ ಅಡಿ ಗುಂಡಿ ತೋಡಿ ಕಂಬ ನೆಡುತ್ತಾರೆ, ಕಿತ್ತುಕೊಂಡು ಹೋಗುವಾಗ ಮಣ್ಣು ಕಾಲಿಂದ ತಳ್ಳುತ್ತಾರೆ. ಮಳೆಯಾದ ಮೇಲೆ ಅದೇ ಗುಂಡಿಯಲ್ಲಿ ಮಕ್ಕಳ ಕಾಲು ಉಳುಕುತ್ತದೆ. ಮೈದಾನ ಕೊಡುವಾಗ ಗುಂಡಿ ಲೆಕ್ಕದಲ್ಲಿ ಠೇವಣಿ ಇಡಿಸಿಕೊಳ್ಳಿ. ಗರಸು ತುಂಬಿ, ನೀರು ಹಾಕಿ, ಗುದ್ದಿ ಮುಚ್ಚಿದ್ದನ್ನು ಶಿಕ್ಷಕರು ನೋಡಿದ ಮೇಲೆ ವಾಪಸು ಕೊಡಿ. ಪಂಚಾಯಿತಿ ಒಂದು ನಿರ್ಣಯ ಮಾಡಿದರೆ ಸಾಕು, ಇದಕ್ಕೆ ಯಾವ ಯೋಜನೆಯ ಅನುದಾನವೂ ಬೇಡ.

ಈಗ ಸರ್ಕಾರದ ದುಡ್ಡಿನ ಕಡೆ ಬರೋಣ. 2008-09ರಲ್ಲಿ ಕೇಂದ್ರ ಸರ್ಕಾರ ಹಳ್ಳಿಗಳಲ್ಲಿ ಆಟ ಬೆಳೆಸಲು ಪೈಕಾ ಎಂಬ ಯೋಜನೆ ತಂದಿತು. ಗ್ರಾಮ ಪಂಚಾಯಿತಿಗೆ ಮೈದಾನ ಮಾಡಲು ಒಂದು ಸಲಕ್ಕೆ 1 ಲಕ್ಷ, ನಡೆಸಲು ವರ್ಷಕ್ಕೆ 12,000, ಸಾಮಗ್ರಿಗೆ ವರ್ಷಕ್ಕೆ 10,000. ನಡೆಸಲು ತಿಂಗಳಿಗೆ ಒಂದು ಸಾವಿರ! ನೀರು ಹೊಡೆಸುವುದಕ್ಕೂ ಸಾಲದು. 2014ರಲ್ಲಿ ಯೋಜನೆ ಹೆಸರು ಬದಲಾಯಿತು, ಆಮೇಲೆ ಖೇಲೋ ಇಂಡಿಯಾ ಬಂತು. ನರೇಗಾದಲ್ಲಿ ಶಾಲೆಗಳ ಆವರಣದಲ್ಲಿ ಅಂಕಣಗಳಾದವು. ಅವುಗಳಲ್ಲಿ ಹಲವು ಕಾಂಕ್ರೀಟಿನವು. ಬಾಸ್ಕೆಟ್‌ಬಾಲ್‌ಗೆ ಸರಿ, ಕಬಡ್ಡಿಗೆ, ಕೊಕ್ಕೊಗೆ ಕಾಂಕ್ರೀಟ್ ಹಾಕಿದವರು ಆ ಆಟ ಆಡಿದವರಲ್ಲ.

ಖೇಲೋ ಇಂಡಿಯಾದ ಸಣ್ಣ ಕೇಂದ್ರಗಳ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಒಂದು ಸಲದ 5 ಲಕ್ಷದ ಜೊತೆಗೆ ಹಿಂದೆ ಆಡಿ ಹೆಸರು ಮಾಡಿದ ಕ್ರೀಡಾಪಟುವನ್ನು ತರಬೇತಿಗೆ ಇಟ್ಟುಕೊಂಡು ತಿಂಗಳಿಗೆ 25,000 ರೂಪಾಯಿವರೆಗೆ ಗೌರವಧನ ಕೊಡಲು ಅವಕಾಶವಿದೆ. ಅಂದರೆ ಮನುಷ್ಯನಿಗೆ ದುಡ್ಡು. ಇಂಥ ಕೇಂದ್ರ ನಿಮ್ಮ ತಾಲ್ಲೂಕಿನಲ್ಲಿದ್ದರೆ ಗೌರವಧನ ತಿಂಗಳು ತಿಂಗಳು ತಲುಪುತ್ತಿದೆಯೇ ಎಂದು ವಿಚಾರಿಸಿ. ನಾಲ್ಕೈದು ತಿಂಗಳು ನಿಂತರೆ ತರಬೇತುದಾರ ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ, ಮಕ್ಕಳು ಚದುರುತ್ತಾರೆ. ಮತ್ತೆ ಕೂಡಿಸಲು ಒಂದು ವರ್ಷ.

ಯಾವ ಖರ್ಚು ಸರಿ ಎಂದು ಅಳೆಯಲು ನಾವು ಒಂದು ಅಳತೆಗೋಲು ಬಳಸುತ್ತೇವೆ: ಒಂದು ಮಗು ಒಂದು ತಾಸು ಆಡಲು ಎಷ್ಟು ಖರ್ಚಾಯಿತು. ಹೋಬಳಿ ಮೈದಾನದಲ್ಲಿ ತರಬೇತುದಾರನಿಗೆ ತಿಂಗಳಿಗೆ 5,000, ಮೈದಾನ ನೋಡಿಕೊಳ್ಳುವವರಿಗೆ 3,000, ನೀರು ಮತ್ತು ಪುಡಿ ವರ್ಷಕ್ಕೆ 15,000, ಚೆಂಡು ನೆಟ್ಟು 15,000, ವಿಮೆ 6,000. ವರ್ಷಕ್ಕೆ 1,32,000. ಅರವತ್ತು ಮಕ್ಕಳು, ದಿನಕ್ಕೆ ಒಂದೂವರೆ ತಾಸು, 250 ದಿನ ಆಡಿದರೆ 22,500 ತಾಸು. ತಾಸಿಗೆ ಆರು ರೂಪಾಯಿಯೂ ಬೀಳಲಿಲ್ಲ. ಐದು ಕೋಟಿಯ ಸಿಂಥೆಟಿಕ್ ಟ್ರ್ಯಾಕ್ ಹತ್ತು ವರ್ಷ ಬಾಳುತ್ತದೆ, ನಿರ್ವಹಣೆ ವರ್ಷಕ್ಕೆ ಆರು ಲಕ್ಷ ಎನ್ನಿ. ವರ್ಷದ ಖರ್ಚು 56 ಲಕ್ಷ. ಐವತ್ತೇ ಮಕ್ಕಳು ದಿನಕ್ಕೆರಡು ತಾಸು ಓಡಿದರೆ ತಾಸಿಗೆ 224 ರೂಪಾಯಿ. ನಾನೂರು ಮಕ್ಕಳು ಬಂದರೆ 28ಕ್ಕೆ ಇಳಿಯುತ್ತದೆ. ಸಿಂಥೆಟಿಕ್ ತಪ್ಪಲ್ಲ. ಜಿಲ್ಲೆಗೊಂದು ಬೇಕೇ ಬೇಕು, ಅದಕ್ಕೆ ನಾನೂರು ಮಕ್ಕಳನ್ನು ಕರೆತರುವ ಬಸ್ಸು, ಹಾಸ್ಟೆಲ್ಲು, ಕೋಚುಗಳು ಇರಬೇಕು. ಅದನ್ನು ತಾಲ್ಲೂಕಿಗೊಂದು ಕಟ್ಟಿ ಗೇಟಿಗೆ ಬೀಗ ಹಾಕಿದರೆ ಆ 56 ಲಕ್ಷ ಬಿಸಿಲಿಗೆ ಒಣಗುತ್ತದೆ. ಹೊಲಿಸಿದ ಅಂಗಿಯನ್ನು ಟ್ರಂಕಿನಲ್ಲಿಟ್ಟರೂ ಉಳಿಯುತ್ತದೆ, ಆದರೆ ಸಿಂಥೆಟಿಕ್ ಟ್ರ್ಯಾಕ್ ಬಳಸದೆ ಬಿಟ್ಟರೂ ನಲವತ್ತು ಡಿಗ್ರಿ ಬಿಸಿಲಲ್ಲಿ ಸವೆಯುತ್ತದೆ.

ಬಳ್ಳಾರಿಯವರಿಗೆ ಒಂದು ಮಾತು. ನಮ್ಮ ನಗರದ ಜೀನ್ಸ್ ದೇಶಕ್ಕೆ ಗೊತ್ತು. ಹೊಲಿಯುವ ಕೈಗಳು ಸಾವಿರಾರಿವೆ. ಆದರೂ ನಮ್ಮ ಟೂರ್ನಿಗಳ ಜೆರ್ಸಿ ಹೊರಗಿನಿಂದ ಬರುತ್ತವೆ. ಇದಕ್ಕೆ ಕಾರಣ ಯಂತ್ರ. ಜೀನ್ಸ್ ನೇಯ್ದ ಬಟ್ಟೆ, ಜೆರ್ಸಿ ಹೆಣೆದ ಪಾಲಿಸ್ಟರ್. ಜೀನ್ಸಿನ ಲಾಕ್‌ಸ್ಟಿಚ್ ಯಂತ್ರದಲ್ಲಿ ಹೆಣೆದ ಬಟ್ಟೆ ಹೊಲಿದರೆ ಹಿಗ್ಗಿದಾಗ ದಾರ ಪಟ್ಟನೆ ಹರಿಯುತ್ತದೆ. ಇದಕ್ಕೆ ನಾಲ್ಕು ದಾರದ ಓವರ್‌ಲಾಕ್, ಅಂಚಿಗೆ ಫ್ಲಾಟ್‌ಲಾಕ್, ಬಟ್ಟೆಯ ಎಳೆ ಕತ್ತರಿಸದ ಗುಂಡು ಮೊನೆಯ ಸೂಜಿ ಬೇಕು. ಹೆಸರು, ನಂಬರ್, ಬಣ್ಣ ಮುದ್ರಿಸಲು ಸಬ್ಲಿಮೇಶನ್ ಪ್ರಿಂಟರ್ ಮತ್ತು 200 ಡಿಗ್ರಿ ಆಸುಪಾಸು ಕಾಯುವ ಹೀಟ್ ಪ್ರೆಸ್ ಬೇಕು. ಹತ್ತಿ ಬಟ್ಟೆಗೆ ಈ ಮುದ್ರಣ ಹಿಡಿಯುವುದಿಲ್ಲ, ಪಾಲಿಸ್ಟರ್ ಆಗಿರಲೇಬೇಕು. 32 ತಂಡದ ಒಂದು ಟೂರ್ನಿಗೆ 384 ಜೆರ್ಸಿ, 350ರಂತೆ 1,34,400 ರೂಪಾಯಿ. ಬಟ್ಟೆ ತಿರುಪ್ಪೂರಿನಿಂದಲೋ ಸೂರತ್ತಿನಿಂದಲೋ ಬಂದರೂ ಹೊಲಿಗೆ, ಮುದ್ರಣದ ಪಾಲು ಇಲ್ಲಿ ಉಳಿಯುತ್ತದೆ. ಬ್ಯಾಟು, ನೆಟ್ಟು ಮೇರಠ್, ಜಲಂಧರ್‌ನಿಂದ ಬರುವುದನ್ನು ನಾವು ಸದ್ಯಕ್ಕೆ ತಪ್ಪಿಸಲಾರೆವು. ಜೆರ್ಸಿ ನಮ್ಮ ಕೈಯಲ್ಲಿದೆ. ಶಾಲೆಗಳ ಕ್ರೀಡಾ ಸಮವಸ್ತ್ರದ ಬೇಡಿಕೆ ಸೇರಿದರೆ ವರ್ಷವಿಡೀ ಕೆಲಸ ಇರುತ್ತದೆ, ಸೀಸನ್ನಿಗೆ ಕಾಯಬೇಕಿಲ್ಲ.

ದೊಡ್ಡ ಕ್ರೀಡೆ ನಮ್ಮ ಭಾಗಕ್ಕೆ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಇದೆ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿಗೆ ಹೋಯಿತು. ಆ ದುಡ್ಡು ಟಿವಿ, ಮೊಬೈಲ್ ಜಾಹೀರಾತಿನದು, ಮೈದಾನ ಇರುವ ಊರಿನದ್ದಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಎಂಬ ತಂಡವಿತ್ತು. ಪಂದ್ಯಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ನಡೆದವು. ಹೆಸರು ಮಾತ್ರ ಇಲ್ಲಿನದು. ನಮ್ಮ ಚಹಾದ ಅಂಗಡಿಗೆ ಅದರಿಂದ ಒಂದು ಕಪ್ಪೂ ಹೆಚ್ಚು ಮಾರಾಟವಾಗಲಿಲ್ಲ.

ತೋರಣಗಲ್ಲಿನ ಹತ್ತಿರ 2018ರಲ್ಲಿ ಜೆಎಸ್‌ಡಬ್ಲ್ಯು ಬೆಂಬಲದಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಬೇರೆ ಬಗೆಯದು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್‌ಗೆ ದೇಶದ ನಾನಾ ಕಡೆಯ ಮಕ್ಕಳು ಅಲ್ಲಿ ವರ್ಷವಿಡೀ ಇದ್ದು ಕಲಿಯುತ್ತಾರೆ. ವರ್ಷವಿಡೀ ಇರುವುದೇ ಮುಖ್ಯ. ಇಂಥ ಸಂಸ್ಥೆಯ ಮುಂದೆ ಸುತ್ತಲಿನ ಊರುಗಳು ಇಡಬಹುದಾದ ಕೋರಿಕೆಗಳು ಸರಳವಾಗಿರಲಿ: ನಮ್ಮ ದೈಹಿಕ ಶಿಕ್ಷಕರಿಗೆ ವರ್ಷಕ್ಕೆ ಐದು ದಿನ ಗಾಯ ತಡೆಯುವ ತರಬೇತಿ ಕೊಡಿ, ಹಾಲು-ಮೊಟ್ಟೆ-ತರಕಾರಿಯನ್ನು ಸ್ವಸಹಾಯ ಸಂಘಗಳಿಂದ ಕೊಳ್ಳಿ, ಸುತ್ತಲಿನ ಶಾಲೆಗಳ ಮಕ್ಕಳನ್ನು ಆಯ್ಕೆ ಪರೀಕ್ಷೆಗೆ ಕರೆಯಿರಿ.

ಕೊನೆಯದಾಗಿ ಸಿಎಸ್‌ಆರ್, ಅಂದರೆ ಕಂಪನಿಗಳು ತಮ್ಮ ಲಾಭದಲ್ಲಿ ಸಮಾಜಕ್ಕೆ ಖರ್ಚು ಮಾಡಬೇಕಾದ ಪಾಲು. ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು, ಗಿಣಿಗೇರಿಯ ಕಾರ್ಖಾನೆಗಳು, ಹಟ್ಟಿಯ ಚಿನ್ನ, ಇಷ್ಟೆಲ್ಲ ಇರುವ ನಾಡಿದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ಕಾರ್ಖಾನೆ ಇರುವ ಸ್ಥಳಕ್ಕೆ ಆದ್ಯತೆ ಕೊಡಬೇಕೆಂದೂ ಕಾನೂನು ಹೇಳುತ್ತದೆ. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿ ಸೇರಿದೆ. ತರಬೇತಿ ಎಂಬ ಪದವನ್ನು ಅರ್ಜಿಯಲ್ಲಿ ಎದ್ದು ಕಾಣುವಂತೆ ಬರೆಯಿರಿ. ಬಹುಮಾನ, ಉದ್ಘಾಟನೆ, ಪೆವಿಲಿಯನ್ ಎಂದು ಬರೆದ ಅರ್ಜಿ ಮೂಲೆ ಸೇರುತ್ತದೆ, ಸೇರಬೇಕಾದದ್ದೇ.

ಯುವಕ ಸಂಘಗಳು ಎಡವುವುದು ಕಾಗದದಲ್ಲಿ. ಸಂಘದ ಮೂಲಕ ದುಡ್ಡು ಬರಬೇಕೆಂದರೆ ನೋಂದಣಿ, ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ, ಜೊತೆಗೆ ಕೇಂದ್ರದ ಕಾರ್ಪೊರೇಟ್ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿ ಬೇಕು. ಹಳ್ಳಿಯ ಸಂಘಗಳಲ್ಲಿ ಇದೆಲ್ಲ ಇರುವುದು ಅಪರೂಪ. ದಾರಿ ಇದೆ: ಕಂಪನಿ ತಾನೇ ನೇರವಾಗಿ ಕೆಲಸ ಮಾಡಬಹುದು. ಮ್ಯಾಟ್ ಕೊಂಡು ಶಾಲೆಗೆ ಒಪ್ಪಿಸಬಹುದು, ತರಬೇತುದಾರನ ಗೌರವಧನ ಭರಿಸಬಹುದು. ಅದಕ್ಕೆ ಶಾಲಾಭಿವೃದ್ಧಿ ಸಮಿತಿಯ ನಿರ್ಣಯ ಮತ್ತು ಮುಖ್ಯ ಶಿಕ್ಷಕರ ಪತ್ರ ಸಿದ್ಧವಿರಲಿ. ಇನ್ನೂ ಮುಖ್ಯವಾದದ್ದು, ನಿಯಮಗಳಲ್ಲಿ ಮುಂದುವರಿಯುವ ಯೋಜನೆ ಎಂಬ ವರ್ಗವಿದೆ. ಆರಂಭದ ವರ್ಷ ಬಿಟ್ಟು ಮತ್ತೆ ಮೂರು ವರ್ಷದವರೆಗೆ ಒಂದೇ ಯೋಜನೆಗೆ ಹಣ ಕಟ್ಟಿಡಬಹುದು. ಆ ವರ್ಗದಲ್ಲೇ ಕೇಳಿ. ಮೊದಲ ವರ್ಷ ಗರಸು, ಗುಂಡಿ, ಮ್ಯಾಟ್. ಆಮೇಲೆ ಮೂರು ವರ್ಷ 1,32,000ದಂತೆ ನಡೆಸುವ ಖರ್ಚು. ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರು, ಹಾಗಾಗಿ ಅರ್ಜಿ ಡಿಸೆಂಬರ್-ಜನವರಿಯಲ್ಲೇ ತಲುಪಲಿ. ಮಾರ್ಚಿನಲ್ಲಿ ಹೋದವರಿಗೆ ಸಿಗುವುದು ಉಳಿಕೆ ದುಡ್ಡಿನ ಟೀಶರ್ಟು.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲಿ ಸೇರಿಸುತ್ತೇವೆ.

ಹುಡುಗಿಯರು ಎಂಟನೇ ತರಗತಿ ದಾಟಿದ ಮೇಲೆ ಮೈದಾನಕ್ಕೆ ಬರುವುದು ನಿಲ್ಲುತ್ತದೆ, ಏನು ಮಾಡುವುದು ಎಂದು ಶಿಕ್ಷಕಿಯೊಬ್ಬರು ಕೇಳಿದರು. ಹೊರಗಿನಿಂದ ಬೀಗ ಹಾಕಿಡದ, ನೀರಿರುವ ಶೌಚಾಲಯ ಮೊದಲು. ಎರಡನೆಯದು ಸಮಯ: ಶಾಲೆ ಬಿಟ್ಟ ಕೂಡಲೇ ಒಂದು ತಾಸು ಅವರಿಗೇ ಮೀಸಲಾಗಿರಲಿ, ಕತ್ತಲಾಗುವ ಮುನ್ನ ಮನೆ ಸೇರುವಂತೆ. ಮೈದಾನ ಒಂದೇ ಇದ್ದು ಹುಡುಗರು ಮೊದಲು ಇಳಿದರೆ ಹುಡುಗಿಯರು ಗೋಡೆ ಪಕ್ಕ ನಿಂತು ವಾಪಸು ಹೋಗುತ್ತಾರೆ. ಮಹಿಳಾ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಪುರುಷರ 13ಕ್ಕೆ 10ರ ಅಂಕಣದಲ್ಲೇ ಬೇರೆ ಬಣ್ಣದ ಗೆರೆಯಿಂದ ಗುರುತಿಸಬಹುದು, ಪ್ರತ್ಯೇಕ ಜಾಗ ಬೇಕಿಲ್ಲ.

ಮ್ಯಾಟ್ ಕೊಂಡರೆ ಎಷ್ಟು ವರ್ಷ ಬರುತ್ತದೆ ಎಂಬುದು ಎರಡನೇ ಪ್ರಶ್ನೆ. ಇಟ್ಟುಕೊಳ್ಳುವುದರ ಮೇಲಿದೆ. ಒಂದು ಮೀಟರ್ ಚೌಕದ ತುಂಡುಗಳು ಅಂಕಣಕ್ಕೆ 130, ಸುತ್ತ ಒಂದು ಮೀಟರ್ ಅಂಚು ಸೇರಿ 180. ಬಿಸಿಲಲ್ಲಿ ಬಿಟ್ಟರೆ ಮೂಲೆ ಮೇಲೇಳುತ್ತದೆ, ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುವ ಹಲ್ಲುಗಳ ನಡುವೆ ಸಂದಿ ಬಿಡುತ್ತದೆ, ಕಾಲ್ಬೆರಳು ಸಿಕ್ಕಿ ಮುರಿಯುತ್ತದೆ. ಕೆಳಗೆ ದೂಳು ಕೂತರೆ ಇಡೀ ಮ್ಯಾಟ್ ಜಾರುತ್ತದೆ. ಹಾಗಾಗಿ ಹಾಸುವ ಮುನ್ನ ನೆಲ ಗುಡಿಸಿ ನೀರು ಚಿಮುಕಿಸಿ ಒಣಗಲು ಬಿಡಿ. ಪ್ರತಿ ತುಂಡಿನ ಹಿಂದೆ ಸಾಲು ಮತ್ತು ನಂಬರ್ ಬರೆಯಿರಿ, ಪ್ರತಿ ಸಲ ಅದೇ ಜಾಗಕ್ಕೆ ಅದೇ ತುಂಡು ಬಂದರೆ ಹಲ್ಲು ಸವೆಯುವುದು ಕಡಿಮೆ. ಸುರುಳಿ ಸುತ್ತಬೇಡಿ, ಇಪ್ಪತ್ತಿಪ್ಪತ್ತರ ಅಟ್ಟಿ ಮಾಡಿ ಹಲಗೆ ಮೇಲೆ ಮಲಗಿಸಿಡಿ, ಗೋಡೆಯಿಂದ ಒಂದಡಿ ದೂರ. ಇಲಿ ಕಾಟ ಇರುವ ಕೋಣೆಯಾದರೆ ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆಸಿ. ಬೀಗದ ಕೈ ಎರಡು ಇರಲಿ, ಒಂದು ದೈಹಿಕ ಶಿಕ್ಷಕರ ಹತ್ತಿರ, ಇನ್ನೊಂದು ಮೈದಾನದ ಪಕ್ಕದ ಮನೆಯವರ ಹತ್ತಿರ. ಬೇಸಿಗೆ ರಜೆಯಲ್ಲಿ ಶಿಕ್ಷಕರು ಊರಿಗೆ ಹೋದ ನಲವತ್ತು ದಿನವೇ ಮಕ್ಕಳಿಗೆ ಆಡಲು ಹೆಚ್ಚು ಹೊತ್ತು ಸಿಗುವುದು.